ಯಾವುದಾದರೊಂದು ಕೀ

ಸುಲ್ತಾನಪೇಟೆಯ ಲಗ್ನಪತ್ರಿಕೆ ಗಲ್ಲಿಯಲ್ಲಿ
ಮಾಘದ ಒಂದು ಮಂಗಳವಾರ ಹನ್ನೊಂದು ಗಂಟೆಗೆ
ತೆರೆ ನೀಲಿಯಾಯಿತು.
ನಾಲ್ಕು ಸಾಲು ಬಿಳಿ ಅಕ್ಷರ, ಆಮೇಲೆ ಅದೂ ಇಲ್ಲ.
ಕೌಂಟರಿನಾಚೆ ವರನ ಸೋದರಮಾವ
ಪ್ರೂಫಿಗೆ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದರು.

ಎಸ್ಪಿ ರೋಡಿಂದ ಇಮ್ತಿಯಾಜ್ ಬಂದ,
ಗಾಡಿ ನಿಲ್ಲಿಸಲು ಜಾಗ ಸಿಗದೆ ಎರಡು ಸುತ್ತು ಹೊಡೆದು.
ಜಿಪ್ಪಿನ ಪೌಚಿನಲ್ಲಿ ಎಲೆಗೊಂದು ಡಿಸ್ಕು;
ತೆಗೆದದ್ದರ ಮೇಲೆ ಮಾರ್ಕರಿನಲ್ಲಿ ‘ಎಕ್ಸ್‌ಪಿ, ಒಳ್ಳೇದು’.
ಹಾಗಾದರೆ ಕೆಟ್ಟದ್ದೂ ಒಂದಿದೆ.
ಬೆಳಕಿಗೆ ಹಿಡಿದ. ಹಾ ಎಂದು ಉಸಿರು ಬಿಟ್ಟ.
ಅಂಗಿಯಂಚಲ್ಲಿ ನಡುವಿನಿಂದ ಹೊರಕ್ಕೆ ಒರೆಸಿದ.
‘ಗುಂಡಗೆ ಒರೆಸ್ಬಾರ್ದು ಮೇಡಮ್, ಗೀರು ಬೀಳುತ್ತೆ.
ಸಿ ಹೋಗುತ್ತೆ, ಡಿ ಉಳಿಯುತ್ತೆ.
ಸಿ ಒಳಗೆ ಏನಾದ್ರೂ ಇದ್ಯಾ?’

ಅಂಗಡಿಯ ಐಶ್ವರ್ಯವೆಲ್ಲ ಡಿಯಲ್ಲಿತ್ತು:
ಅರವತ್ತು ಬಗೆ ಗಣಪತಿ, ಬಾಳೆಕಂಬ, ಓಲಗದವರ ನೆರಳು,
ಎರಡು ಸಾವಿರ ಮದುವೆ, ನಾಮಕರಣ, ವೈಕುಂಠ ಸಮಾರಾಧನೆ,
ಆಗಮನಾಭಿಲಾಷಿಗಳ ಉದ್ದುದ್ದ ಪಟ್ಟಿ.
ಸಿಯಲ್ಲಿ ಏನಿಲ್ಲ, ಅಂದೆ.

ಅಳಿಸಲೇ, ಎಂದು ಕೇಳಿತು ಯಂತ್ರ.
ನಿಜಕ್ಕೂ ಅಳಿಸಲೇ, ಎಂದು ಮತ್ತೊಮ್ಮೆ.
ನನ್ನನ್ನು ಯಾರೂ ಯಾವುದಕ್ಕೂ ಎರಡು ಸಲ ಕೇಳಿದ್ದಿಲ್ಲ.
ಹಳದಿ ಪಟ್ಟಿ ಅರಿಶಿನ ಬಳಿದ ಹಾಗೆ
ಎಡದಿಂದ ಬಲಕ್ಕೆ ಬೆಳೆಯಿತು.

ಸಿಯಲ್ಲಿದ್ದದ್ದು ಒಂದೇ ಪುಟ, ‘ಹಾಲಿನ ಲೆಕ್ಕ’ ಎಂಬ ಹೆಸರಿನಲ್ಲಿ.
‘ಮಾನ್ಯರೆ, ಈ ತಿಂಗಳ ಕೊನೆಯಿಂದ’ ಎಂದು ಶುರು,
‘ಇಂತಿ, ಆರ್. ಇಂದ್ರಾಣಿ’ ಎಂದು ಕೊನೆ.
ಎಂಟು ಯುಗಾದಿ ತಾರೀಖು ಮಾತ್ರ ತಿದ್ದಿದ್ದೆ.
ಪ್ರಿಂಟರು ರಂಗಧಾಮ ಶೆಟ್ಟರ ಮೇಜಿನ ಪಕ್ಕ.

ಇನ್ನು ಮೂವತ್ತೊಂಬತ್ತು ನಿಮಿಷ, ಎಂದಿತು.
ಬಹಳ ಹೊತ್ತು ಮೂವತ್ತೊಂಬತ್ತೇ.
ಬೈಟು ಕಾಫಿ ಬಂತು, ಹೋಯಿತು.
ಮೂವತ್ತನಾಲ್ಕರಲ್ಲಿ ಕೂತುಬಿಟ್ಟಿತು;
ಒಳಗೆ ಡಿಸ್ಕು ಒಣಕೊಬ್ಬರಿ ತುರಿದ ಹಾಗೆ ಗರಗರ.
ಸೋದರಮಾವ ಗೋಡೆಯ ಸ್ಯಾಂಪಲ್ಲು ಕಾರ್ಡುಗಳಲ್ಲಿ
ಗುರುತಿಲ್ಲದವರ ಮುಹೂರ್ತ ಓದುತ್ತಿದ್ದರು, ಗಟ್ಟಿಯಾಗಿ.

ಇಪ್ಪತ್ತೈದು ಅಕ್ಷರದ ಗುಟ್ಟು ಕೇಳಿದಾಗ
ಇಮ್ತಿಯಾಜ್ ಚೀಟಿ ನೋಡಲಿಲ್ಲ.
ಕಣ್ಣು ಮುಚ್ಚಿ ಒತ್ತಿದ, ಐದೈದಕ್ಕೊಮ್ಮೆ ಉಸಿರೆಳೆದು.
‘ಮಗಳ ಹುಟ್ಟಿದ ದಿನ ಮಾತ್ರ ನೆನಪಿರಲ್ಲ, ಮನೆಯೋಳು ಬೈತಾಳೆ.’

ಎದ್ದಿತು. ಎಲ್ಲಿಯದೋ ಹಸಿರು ಗುಡ್ಡ, ಮೇಲೆ ಆಕಾಶ.
ಗಡಿಯಾರ ಎರಡು ಸಾವಿರದ ಎರಡು, ಜನವರಿ ಒಂದು ಅನ್ನುತ್ತಿತ್ತು;
ಆಗ ಈ ವರ ಯುಕೆಜಿ.
ಡಿಯಿಂದ ಪತ್ರಿಕೆ ತೆಗೆದರೆ ಕನ್ನಡವಿಲ್ಲ.
ತಲೆಯ ಮೇಲೆ ಗೀಟು ಇಟ್ಟುಕೊಂಡ ಎ-ಗಳು,
ಡಿಗ್ರಿಯ ಸೊನ್ನೆ, ಪೌಂಡಿನ ಗುರುತು.
‘ಹುಡುಗಿ ಹೆಸರು ಎಲ್ಲಮ್ಮ?’ ಸೋದರಮಾವ ಗಾಬರಿಯಾದರು.
ಇಲ್ಲೇ ಇದ್ದಾಳೆ, ಈ ಗೀಟುಗಳ ಹಿಂದೆ.
ಫಾಂಟು ಒಂದೊಂದೇ ಬಂದು ಕೂತಿತು.
ಮೊದಲು ಮೇಲ್ಗಡೆಯ ಶ್ರೀ,
ಆಮೇಲೆ ಒಮ್ಮೆಗೇ ಇಬ್ಬರೂ, ಚಿ॥ರಾ॥, ಚಿ॥ಸೌ॥,
ಮೈ ಕೊಡವಿ ಎದ್ದವರಂತೆ.

‘ಏನಾದ್ರೂ ಹೊಸದು ಹೊಡೆದು ನೋಡಿ’ ಅಂದ.
ಬೆರಳು ತಾನಾಗಿ ಹೊಡೆಯಿತು: ಮಾನ್ಯರೆ,
‘ಸರಿ ಬರ್ತಿದೆ.’
ಉಳಿಸಬೇಕೆ, ಎಂದು ಕೇಳಿತು.
ಅವನೇ ಬೇಡ ಒತ್ತಿ,
ಮುನ್ನೂರೈವತ್ತು ಎಣಿಸಿಕೊಂಡು ಹೋದ.

ಮರುದಿನ ಶಟರು ಎತ್ತಿ, ಊದುಕಡ್ಡಿ ಹಚ್ಚಿ,
ಗುಂಡಿ ಒತ್ತಿದೆ.
ಕಪ್ಪು. ಒಂದೇ ಸಾಲು.
ಡಿಸ್ಕಿನಿಂದ ಶುರುಮಾಡಲು ಯಾವುದಾದರೊಂದು ಕೀ ಒತ್ತಿ.
ಒಳಗೇ ಮರೆತು ಹೋಗಿದ್ದಾನೆ, ಪುಣ್ಯಾತ್ಮ.
ಒಂದು ಚುಕ್ಕಿ. ಎರಡು.
ನೂರಾನಾಲ್ಕು ಕೀಗಳಲ್ಲಿ ಯಾವುದಾದರೂ ನಡೆದೀತು:
ಉದ್ದನೆಯ ಸ್ಪೇಸು, ಒತ್ತಕ್ಷರಕ್ಕೆ ಒತ್ತುವ ಎಫ್,
ಸವೆದು ಹೆಸರೇ ಇಲ್ಲದ ಆ ಎಂಟರ್.
ಮೂರು.
ಮೆಟ್ಟಿಲ ಮೇಲೆ ಶೆಟ್ಟರ ಚಪ್ಪಲಿ ಸದ್ದು.
ನಾಲ್ಕು.
ಕೈಗಳು ಮಡಿಲಲ್ಲಿದ್ದವು,
ಹತ್ತೂ ಬೆರಳು ಎಚ್ಚರವಾಗಿ.